ಗಿಳಿ ಬಾರದ ಮೂರು ವಸಂತ

ಕಂತು ಒಂಬತ್ತು

“ಮುಟ್ಟಬೇಡಿ ಅಂತ ಹೇಳಿದ್ದೆ,” ಎಂದಳು ಸಾರ್ಜೆಂಟ್ ರೋವೆನಾ ಬಿಲ್ಸನ್.

“ನಾನೆಲ್ಲಿ ಮುಟ್ಟಿದೆ? ಹಾರೆ ಮುಟ್ಟಿತು,” ಎಂದ ಡಾರ್ಸಿ ಹ್ಯಾಲೆಟ್.

ಅರವತ್ತೊಂಬತ್ತರ ಮುದುಕ ಹಾರೆಯ ಮೊನೆಯನ್ನು ಕೊಂಬೆಯಡಿಗೆ ತೂರಿಸಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಿದ್ದ. ತೊಡೆ ದಪ್ಪದ, ಎರಡಾಳುದ್ದದ ಒಣಕೊಂಬೆ ಕಿರುಗುಟ್ಟುತ್ತ ಮಗ್ಗುಲು ಬದಲಿಸಿತು. ಅಡಿಯಲ್ಲಿದ್ದ ಜೀರುಂಡೆಗಳು ದಿಕ್ಕಾಪಾಲಾಗಿ ಓಡಿದವು.

ಹನ್ನೊಂದು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಇದೇ ಕೊಂಬೆಯ ಕೆಳಗೆ ಹೆಕ್ಟರ್ ಟ್ರೆಲೋರ್ ತಲೆಯೊಡೆದು ಬಿದ್ದಿದ್ದ. ಈ ದ್ವೀಪದ ಹನ್ನೊಂದು ಕಾಡುಗಳನ್ನು ಕೊಂಡು, ಅವು ಎಂದೂ ಗರಗಸಕ್ಕೆ ಸಿಗದಂತೆ ಟ್ರಸ್ಟೊಂದಕ್ಕೆ ಬರೆದುಕೊಟ್ಟಿದ್ದ ಸಿರಿವಂತ ಅವನು. ರಾಜಧಾನಿ ಹೋಬಾರ್ಟಿನಿಂದ ಬಂದ ಪೊಲೀಸರು ಫೋಟೊ ತೆಗೆದು, ಮೇಲೆ ನೋಡಿ, ಕೆಳಗೆ ನೋಡಿ, ಕೊಂಬೆ ಬಿದ್ದು ಸಾವು ಎಂದು ಬರೆದುಕೊಂಡು ಹೋಗಿದ್ದರು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಕಡತ ಮುಚ್ಚುವುದಾಗಿ ಇನ್ಸ್‌ಪೆಕ್ಟರ್ ಲೋಥಿಯನ್ ನಿನ್ನೆಯೇ ಫೋನಿನಲ್ಲಿ ಹೇಳಿದ್ದ.

ರೋವೆನಾಗೆ ಒಂದೇ ಒಂದು ಅನುಮಾನ. ಮೂವತ್ತು ವರ್ಷ ಮರ ಕಡಿಸಿದ ಮನುಷ್ಯ, ಗಾಳಿಯ ದಿನ ಒಣಕೊಂಬೆಯ ಕೆಳಗೆ ನಿಲ್ಲುತ್ತಾನೆಯೇ? ಕಾಡಿನ ಕೆಲಸದವರು ಇಂಥ ಕೊಂಬೆಯನ್ನು ‘ವಿಧವೆ ಮಾಡೋದು’ ಎಂದೇ ಕರೆಯುತ್ತಾರೆ. ಮರದ ಬುಡಕ್ಕೆ ಬಂದರೆ ಮೊದಲು ತಲೆ ಮೇಲೆ ನೋಡು ಎಂಬುದು ಅಲ್ಲಿ ಮೊದಲ ದಿನದ ಪಾಠ. ಅದನ್ನು ಬಲ್ಲವನೊಬ್ಬನ ಕಣ್ಣು ಬೇಕೆಂದು ಇವತ್ತು ಡಾರ್ಸಿಯನ್ನು ಕರೆತಂದಿದ್ದಳು. ಹೆಕ್ಟರನ ಹಳೆಯ ಮರದ ಮಿಲ್ಲಿನಲ್ಲಿ ಅವನು ಮೇಸ್ತ್ರಿಯಾಗಿದ್ದ. ಮಿಲ್ಲು ಮುಚ್ಚಿದ ದಿನ ಹೆಕ್ಟರನ ಮುಖಕ್ಕೆ ಉಗಿದವನೂ ಅವನೇ. ಊರಿನ ಅರ್ಧ ಜನ, ಕೊಲೆ ಎಂದಾದರೆ ಅದು ಇವನ ಕೈವಾಡ ಎಂದು ಪಿಸುಗುಡುತ್ತಿದ್ದರು.

ಡಾರ್ಸಿ ಮೊಣಕಾಲೂರಿ ಕೂತ. ಹನ್ನೊಂದು ದಿನ ನೆಲಕ್ಕೆ ಕವುಚಿದ್ದ ಮಗ್ಗುಲಲ್ಲಿ ಅಂಗೈ ಅಗಲದ ತೊಗಟೆ ಇನ್ನೂ ಉಳಿದಿತ್ತು. ಅದನ್ನು ಉಗುರಿನಲ್ಲಿ ಕೆದರಿದ. ಕಂದು ನಾರು ತೆಂಗಿನ ಸಿಪ್ಪೆಯ ಹಾಗೆ ಎಳೆ ಎಳೆಯಾಗಿ ಬಂತು.

“ನೋಡು ಇಲ್ಲಿ, ಸಾರ್ಜೆಂಟಮ್ಮ. ಇದು ಏನು?”

“ತೊಗಟೆ.”

“ನಮ್ಮ ಮಿಲ್ಲಿನ ಸಿರಿಲ್ ಬಿಲ್ಸನ್‌ನ ಮಗಳು ನೀನು. ನಿಮ್ಮಪ್ಪ ಕೇಳಿಸ್ಕೊಂಡ್ರೆ ನಾಚಿಕೆಯಿಂದ ಸಾಯ್ತಾನೆ. ಯಾವ ತೊಗಟೆ?”

ರೋವೆನಾ ಬಗ್ಗಿ ನೋಡಿದಳು. ಆಮೇಲೆ ಪಕ್ಕದ ಮರದತ್ತ ತಿರುಗಿದಳು. ಅದು ನೀಲಗಿರಿ. ಹಾವಿನ ಪೊರೆಯಂತೆ ಉದ್ದುದ್ದ ಸಿಪ್ಪೆ ಜೋತುಬಿದ್ದು, ಒಳಗಿನ ಮೈ ನುಣ್ಣಗೆ, ಬೂದು ನೀಲಿಯಾಗಿ ಹೊಳೆಯುತ್ತಿತ್ತು.

“ಇದು ನಾರುತೊಗಟೆ ಮರದ್ದು,” ಎಂದಳು ನಿಧಾನವಾಗಿ.

“ಸದ್ಯ, ಅಷ್ಟಾದ್ರೂ ಗೊತ್ತಾಯ್ತು. ಈ ಇಳಿಜಾರಿನಲ್ಲಿ ನಾರುತೊಗಟೆ ಒಂದೇ ಒಂದಿಲ್ಲ. ಅದು ಬೇಕಂದ್ರೆ ಆ ದಿಣ್ಣೆ ದಾಟಿ, ಹಕ್ಕಿ ಡಾಕ್ಟರಮ್ಮನ ಗುಡಿಸಲ ತನಕ ಹೋಗ್ಬೇಕು. ಇನ್ನು ಮೇಲೆ ನೋಡು. ಹೋಬಾರ್ಟಿನವರು ಯಾವ ಗಾಯ ತೋರಿಸಿದ್ರು?”

ಅವಳು ಬೆರಳು ತೋರಿದಳು. ಐವತ್ತಡಿ ಎತ್ತರದಲ್ಲಿ ಕೊಂಬೆ ಕಳಚಿದ ಗುರುತೊಂದಿತ್ತು.

“ಅದರ ಅಂಚು ಸುತ್ತ ಮರ ತುಟಿ ಕೂಡಿಸಿದೆ. ಹತ್ತು ವರ್ಷದ ಗಾಯ ಅದು. ಹೋದ ಭಾನುವಾರದ್ದಲ್ಲ, ಅದರ ಹಿಂದಿನದ್ದೂ ಅಲ್ಲ.” ಡಾರ್ಸಿ ಹಾರೆಯಿಂದ ಕೊಂಬೆಯನ್ನು ಎರಡು ಬಾರಿ ಬಡಿದ. ಒಳಗಿನಿಂದ ಡಬ್ಬಿ ಬಡಿದ ಸದ್ದು ಬಂತು. “ಟೊಳ್ಳು ಬೇರೆ, ಹೊರೋಕಾಗೋವಷ್ಟು ಹಗುರ. ಇದನ್ನ ಯಾರೋ ಹೊತ್ಕೊಂಡು ಬಂದಿದಾರೆ, ರೋ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ. ಇಬ್ಬರು ಬೇಕು.”

ಗಂಟೆ ಎಂಟೂವರೆ. ಕಣಿವೆಯ ತುಂಬ ನೀಲಗಿರಿ ಹೂವಿನ ಜೇನುವಾಸನೆ. ರೋವೆನಾ ತೊಗಟೆಯ ನಾರನ್ನು ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆದಳು. ಹನ್ನೊಂದು ದಿನದಲ್ಲಿ ಮೊದಲ ಬಾರಿ ಅವಳಿಗೆ ಕಾಲ ಕೆಳಗೆ ಗಟ್ಟಿ ನೆಲ ಸಿಕ್ಕಂತಾಗಿತ್ತು.

“ಡಾರ್ಸಿ, ಆ ಭಾನುವಾರ ನೀವು ಎಲ್ಲಿದ್ರಿ?”

“ಬರುತ್ತೆ ಅಂತ ಗೊತ್ತಿತ್ತು ಈ ಪ್ರಶ್ನೆ.” ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. “ಮನೇಲಿದ್ದೆ. ಆದ್ರೆ ಇಲ್ಲಿ ಇರಬೇಕಿತ್ತು. ಶನಿವಾರ ಸಂಜೆ ಹೆಕ್ಟರ್ ಫೋನ್ ಮಾಡಿದ್ದ. ಇಪ್ಪತ್ತಾರು ವರ್ಷ ಆದಮೇಲೆ.”

“ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಯಾರು ಕೇಳಿದ್ರು? ಹೋಬಾರ್ಟಿನವರು ‘ನಿಮಗೆ ಅವನ ಮೇಲೆ ದ್ವೇಷ ಇತ್ತಾ’ ಅಂತ ಕೇಳಿದ್ರು. ಇತ್ತು ಅಂದೆ. ಬರ್ಕೊಂಡು ಹೋದ್ರು.”

“ಫೋನಲ್ಲಿ ಏನಂದ?”

ಡಾರ್ಸಿ ಟೋಪಿಯ ಅಂಚನ್ನು ಸುತ್ತ ತಿರುಗಿಸುತ್ತ ಬೇರೆಲ್ಲಿಂದಲೋ ಮಾತು ತೆಗೆದ.

“ಮಿಲ್ಲು ಯಾಕೆ ಮುಚ್ಚಿದ ಅಂತ ಊರಲ್ಲಿ ನೂರು ಕತೆ ಇವೆ. ನಿಜ ಏನು ಅಂತ ನಂಗೊಬ್ಬನಿಗೇ ಗೊತ್ತು. ಒಂದು ದೊಡ್ಡ ನೀಲಗಿರಿ ಉರುಳಿಸಿದ್ದೆ. ಹೆಕ್ಟರ್ ಅಳತೆ ನೋಡೋಕೆ ಬಂದಿದ್ದ. ಮರದ ಪೊಟರೆಯೊಳಗೆ ಚಿಂವ್ ಚಿಂವ್. ಸಮುದ್ರ ದಾಟಿ ಬರ್ತಾವಲ್ಲ, ಆ ಹಸಿರು ಗಿಳಿ, ಅದರ ಮರಿ ಐದು. ರೆಕ್ಕೆ ಇನ್ನೂ ಬಂದಿರಲಿಲ್ಲ. ಹೆಕ್ಟರ್ ತನ್ನ ಊಟದ ಡಬ್ಬಿ ಖಾಲಿ ಮಾಡಿ, ಉಲ್ಲನ್ ಟೋಪಿ ಒಳಗೆ ಹಾಸಿ, ಐದನ್ನೂ ಮನೆಗೆ ತಗೊಂಡು ಹೋದ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಮೂರು ದಿನ ಆಫೀಸಿಗೇ ಬರಲಿಲ್ಲ. ನಾಲ್ಕನೇ ದಿನ ಬಂದ. ‘ಐದೂ ಹೋದವು’ ಅಂದ. ಅಷ್ಟೇ. ಬೇಸಿಗೆ ಮುಗಿಯೋದರಲ್ಲಿ ಮಿಲ್ಲಿಗೆ ಬೀಗ ಬಿತ್ತು.”

ರೋವೆನಾಗೆ ಆ ಬೇಸಿಗೆ ನೆನಪಿತ್ತು. ಆಗ ಅವಳಿಗೆ ಇಪ್ಪತ್ತೊಂದು. ಹೆಕ್ಟರ್ ಟ್ರೆಲೋರ್ ಒಬ್ಬ ಗುಮಾಸ್ತನನ್ನೂ ಕಳಿಸದೆ ತಾನೇ ಮನೆಮನೆಗೆ ಹೋಗಿ, ನಾಳೆಯಿಂದ ಕೆಲಸವಿಲ್ಲ ಎಂದು ಹೇಳಿದ್ದ. ಅವಳಪ್ಪ ಬಾಗಿಲು ತೆರೆದಿರಲಿಲ್ಲ. ಅರ್ಧ ಗಂಟೆ ಜಿನುಗುವ ಮಳೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಆ ಮನುಷ್ಯ ಅಂಗಳದಲ್ಲಿ ನಿಂತಿದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಆಮೇಲೆ ಅವನು ಹಡಗುಕಟ್ಟೆ ಮಾರಿದ, ಗಾಳಿಯಂತ್ರಗಳಿಗೆ ಕೈಹಾಕಿದ, ಮೊದಲಿಗಿಂತ ಹತ್ತರಷ್ಟು ದೊಡ್ಡವನಾದ. ಕಾಡಿನ ಮೇಲೆ ಕಾಡು ಕೊಂಡ. ಆದರೂ ಮೊಣಕೈಯಲ್ಲಿ ತೇಪೆ ಹಾಕಿದ ಅದೇ ಸ್ವೆಟರ್, ಅದೇ ತುಕ್ಕು ಹಿಡಿದ ಜೀಪು. ಯಾವ ಬೋರ್ಡಿನ ಮೇಲೂ ತನ್ನ ಹೆಸರು ಬರೆಸಲಿಲ್ಲ. ಊರಿನಲ್ಲಿ ಅವನನ್ನು ಹರಸುವವರೂ ಇದ್ದರು, ಕಂಡರೆ ರಸ್ತೆ ಬದಲಿಸುವವರೂ ಇದ್ದರು.

“ಫೋನು,” ಎಂದು ನೆನಪಿಸಿದಳು.

“‘ಡಾರ್ಸಿ, ನಿನ್ನ ಕಿವಿ ಇನ್ನೂ ಚುರುಕಿದೆಯಾ’ ಅಂತ ಕೇಳಿದ. ಇದೆ ಅಂದೆ. ‘ನನ್ನ ಕಣಿವೇಲಿ ಈ ವರ್ಷ ಗಿಳಿ ದನಿ ಕೇಳಿದೀಯಾ’ ಅಂದ. ಈ ವರ್ಷ ಅಲ್ಲ ಮಾರಾಯಾ, ಮೂರು ವಸಂತದಿಂದ ಒಂದೂ ಕೇಳಿಲ್ಲ ಅಂದೆ. ಸೌದೆಗೆ ಅಂತ ವಾರಕ್ಕೆರಡು ಸಲ ಈ ದಾರೀಲಿ ಬರೋನು ನಾನು. ಅವನು ‘ನಾಳೆ ಎಂಟಕ್ಕೆ ಬಾ, ಜೊತೆಗೆ ನಿಂತು ಕೇಳೋಣ’ ಅಂದ.”

“ನೀವು ಹೋಗಲಿಲ್ಲ.”

“ಬೂಟು ಹಾಕ್ಕೊಂಡೆ. ಗೇಟಿನ ತನಕ ಬಂದೆ. ಇವನು ಕರೆದ ಕೂಡ್ಲೇ ಬಾಲ ಅಲ್ಲಾಡಿಸ್ಕೊಂಡು ಯಾಕೆ ಹೋಗ್ಲಿ ಅನ್ನಿಸ್ತು. ಬೂಟು ಬಿಚ್ಚಿದೆ.” ಅವನು ಎದ್ದು ನಿಂತು ಹಾರೆಯನ್ನು ಹೆಗಲಿಗೇರಿಸಿದ. “ನಡಿ. ಗಿಳಿ ಎಣಿಸೋ ಡಾಕ್ಟರಮ್ಮನ ಹತ್ರ ಹೋಗ್ಬೇಕು ಅಲ್ವಾ ನೀನು?”

*

ಹಕ್ಕಿ ವಿಜ್ಞಾನಿ ಲೆನೋರ್ ಫಿಚ್ ಗುಡಿಸಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಒಂಬತ್ತು ವರ್ಷದಿಂದ ಹೆಕ್ಟರನ ಟ್ರಸ್ಟಿಗಾಗಿ ಈ ಕಣಿವೆಯ ಗಿಳಿಗೂಡು ಎಣಿಸುತ್ತಿದ್ದವಳು. ಡಾರ್ಸಿಯನ್ನು ಜೀಪಿನಲ್ಲೇ ಬಿಟ್ಟು ರೋವೆನಾ ಒಬ್ಬಳೇ ಹೋದಳು.

“ಲೆನೋರ್, ಟ್ರಸ್ಟಿನ ವರದಿಯಲ್ಲಿ ಈ ವರ್ಷ ನಲವತ್ತೊಂದು ಗೂಡು ಅಂತ ಅಚ್ಚಾಗಿದೆ. ನಂಗೆ ಒಂದು ತೋರಿಸಿ ಸಾಕು.”

ಲೆನೋರಳ ಕೈಯ ಲೋಟ ತುಟಿಗೆ ಹೋಗುವ ದಾರಿಯಲ್ಲೇ ನಿಂತಿತು. ತಲೆಯ ಮೇಲೆ ಕಪ್ಪು ಕಾಕಟೂ ಹಕ್ಕಿಗಳು ಕಿರುಚುತ್ತ ಹಾರಿಹೋದವು.

“ಹೆಕ್ಟರ್ ಕೂಡ ಇದೇ ಕೇಳಿದ,” ಎಂದಳು ಲೋಟ ಕೆಳಗಿಟ್ಟು. “ಅವನು ಸಾಯೋಕೆ ಎರಡು ದಿನ ಮುಂಚೆ. ಶುಕ್ರವಾರ. ವರದಿ ಕೈಲಿತ್ತು. ಇದೇ ಮೆಟ್ಟಿಲ ಹತ್ರ ನಿಂತಿದ್ದ.”

“ನೀವು ಏನು ತೋರಿಸಿದ್ರಿ?”

ಲೆನೋರ್ ಒಳಗೆ ಹೋಗಿ ಮೂರು ಹಸಿರು ಪುಸ್ತಕ ತಂದಳು. ಮಳೆ, ಬೆವರು, ಜಿಗಣೆಯ ರಕ್ತದ ಕಲೆ ಹತ್ತಿದ ಪುಸ್ತಕಗಳು. ಪ್ರತಿ ಪುಟದ ಕೊನೆಯಲ್ಲೂ ಒಂದೇ ಗುರುತು.

“ಸೊನ್ನೆ,” ಎಂದಳು. “ಮೂರು ವಸಂತ, ಪ್ರತಿ ಮರ ಹತ್ತಿ ನೋಡಿದೀನಿ. ಸೊನ್ನೆ. ಇದನ್ನೇ ಬರೆದು ಟ್ರಸ್ಟಿಗೆ ಕಳಿಸಿದೆ. ಅಚ್ಚಾಗಿ ಬಂದಾಗ ನಲವತ್ತೊಂದು ಆಗಿತ್ತು.”

“ಬದಲಿಸಿದ್ದು ಯಾರು?”

“ಹೆಕ್ಟರ್ ಅಂದ್ಕೊಂಡಿದ್ದೆ. ಫೋನ್ ಮಾಡಿದಾಗ ಹಾಗೇ ಹೇಳಿದ್ರು. ‘ಅವನಿಗೆ ಎಲ್ಲಾ ಗೊತ್ತು, ನೀನು ಹಕ್ಕಿ ನೋಡ್ಕೊಂಡು ಇರು’ ಅಂತ. ನಾನೂ ಸುಮ್ಮನಾದೆ. ಆಚೆ ಕಣಿವೆಗೆ ಗರಗಸ ಬರಬಾರದು ಅಂದ್ರೆ ಇಲ್ಲಿ ಗಿಳಿ ಇರಬೇಕಿತ್ತು. ಬರೋ ಸೋಮವಾರ ಆ ಕಣಿವೆ ಕಡಿಯಬಾರದು ಅಂತ ಮಂತ್ರಿಗಳು ಸಹಿ ಹಾಕೋದು ಈ ನಲವತ್ತೊಂದನ್ನ ನಂಬ್ಕೊಂಡೇ.” ಅವಳು ಪುಸ್ತಕ ಮುಚ್ಚಿದಳು. “ಆದ್ರೆ ಶುಕ್ರವಾರ ಅವನ ಮುಖ ನೋಡಿದೆ, ಸಾರ್ಜೆಂಟ್. ಅವನಿಗೆ ಏನೂ ಗೊತ್ತಿರಲಿಲ್ಲ. ಪುಸ್ತಕ ಓದಿ, ಅಲ್ಲಿ ಆ ದಿಮ್ಮಿ ಮೇಲೆ ಕೂತ್ಕೊಂಡುಬಿಟ್ಟ. ನೀರು ಕೊಟ್ರೆ ಬೇಡ ಅಂದ.”

“ಫೋನಲ್ಲಿ ಹಾಗೆ ಹೇಳಿದ್ದು ಯಾರು?”

ಲೆನೋರ್ ಹೆಸರು ಹೇಳಿದಳು. ರೋವೆನಾ ಅದನ್ನು ಬರೆದುಕೊಳ್ಳಲಿಲ್ಲ. ಬರೆಯುವ ಅಗತ್ಯವಿರಲಿಲ್ಲ. ಆರು ವರ್ಷ ಆ ಹೆಸರಿನವಳ ಮುಂದೆ ಬೆಂಚಿನ ಮೇಲೆ ಕೂತು ಕೂಡುವುದು, ಕಳೆಯುವುದು ಕಲಿತಿದ್ದಳು.

*

ಅಡೆಲಾ ಟ್ರೆಲೋರ್ ಅಡುಗೆಮನೆಯಲ್ಲಿ ಸ್ಟ್ರಾಬೆರಿ ಜಾಮ್ ಕಾಯಿಸುತ್ತಿದ್ದಳು. ಎಪ್ಪತ್ತಮೂರರ ಹೆಂಗಸು, ಅಣ್ಣ ಹೆಕ್ಟರನಿಗಿಂತ ಎರಡು ವರ್ಷ ಚಿಕ್ಕವಳು, ಮದುವೆಯಾಗದವಳು. ಶಾಲೆಯಿಂದ ನಿವೃತ್ತಳಾದಾಗಿನಿಂದ ಟ್ರಸ್ಟಿನ ಕಾರ್ಯದರ್ಶಿ. ಗ್ಯಾರ್ನೆಟ್ ಬೇ ಊರಿನ ಅರ್ಧ ಜನ ಇಂದಿಗೂ ಅವಳನ್ನು ಮಿಸ್ ಎಂದೇ ಕರೆಯುತ್ತಿದ್ದರು.

“ಬಾ ರೋವೆನಾ. ಬೂಟು ಒರೆಸ್ಕೋ. ಕಾಡಿನಿಂದ ನೇರ ಬಂದಿದೀಯಾ.”

“ಹೌದು ಮಿಸ್.”

ನಲವತ್ತೇಳು ವರ್ಷದ ಪೊಲೀಸ್ ಸಾರ್ಜೆಂಟ್ ಚಾಪೆಯ ಮೇಲೆ ಬೂಟು ಒರೆಸಿಕೊಂಡಳು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮೇಜಿನ ಮೇಲೆ ತೊಳೆದ ಬಾಟಲಿಗಳು ಬಾಯಿ ಕೆಳಗಾಗಿ ಸಾಲಾಗಿ ನಿಂತಿದ್ದವು.

“ಟೀ?”

“ಬೇಡ ಮಿಸ್. ಕೂತ್ಕೊಳ್ಳಿ.”

“ಜಾಮ್ ತಳ ಹಿಡಿಯುತ್ತೆ. ನೀನು ಮಾತಾಡು, ನಾನು ಕೈಯಾಡಿಸ್ತೀನಿ.”

“ನಲವತ್ತೊಂದು ಅಂತ ಬರೆದದ್ದು ನೀವು.”

ಸೌಟು ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು ತಿರುಗಿತು.

“ಲೆನೋರ್ ಹೇಳಿದ್ಲು,” ಎಂದಳು ಅಡೆಲಾ. ಪ್ರಶ್ನೆಯಲ್ಲ, ಹಾಜರಿ ಹಾಕಿದಂತೆ. “ಹೌದು, ನಾನೇ. ಮೊದಲ ವರ್ಷ ಮೂವತ್ತಾರು, ಆಮೇಲೆ ಮೂವತ್ತೊಂಬತ್ತು, ಆಮೇಲೆ ನಲವತ್ತೊಂದು. ಒಂದೇ ಸಲ ಹೆಚ್ಚು ಮಾಡಿದ್ರೆ ಅನುಮಾನ ಬರುತ್ತೆ.”

“ನನ್ನ ಪಕ್ಕದವಳ ಪುಸ್ತಕ ನೋಡಿ ಬರೆದೆ ಅಂತ ನೀವು ನನ್ನ ಒಂದು ವಾರ ಹೊರಗೆ ನಿಲ್ಲಿಸಿದ್ರಿ.”

“ನೀನು ಬರೆದದ್ದು ನಿನಗೋಸ್ಕರ. ನಾನು ಬರೆದದ್ದು ಆರು ಸಾವಿರ ಹೆಕ್ಟೇರು ಮರಕ್ಕೋಸ್ಕರ.” ಅವಳು ಮೊದಲ ಬಾರಿ ತಿರುಗಿ ನೋಡಿದಳು. ಬಿಸಿಗೆ ಕೆನ್ನೆ ಕೆಂಪಾಗಿತ್ತು. ಕಣ್ಣು ಮಾತ್ರ ಶಾಂತ. “ಗಿಳಿ ಈ ಮೂರು ವರ್ಷ ಬರಲಿಲ್ಲ, ನಿಜ. ಹೂ ಎಲ್ಲಿ ಜಾಸ್ತಿಯೋ ಅಲ್ಲಿಗೆ ಹೋಗ್ತವೆ ಅವು. ನಾಲ್ಕನೇ ವರ್ಷ ಬಂದ್ರೆ? ಬಂದು ಇಳಿಯೋಕೆ ಮರ ಬೇಡವಾ? ಸೊನ್ನೆ ಅಂತ ಬರೆದಿದ್ರೆ ಮೊದಲ ವರ್ಷವೇ ಆಚೆ ಕಣಿವೆ ಬೋಳಾಗಿರೋದು.”

ತಾನು ಈಗ ಬಾಯಿ ಬಿಟ್ಟರೆ ಸೋಮವಾರದ ಸಹಿ ನಿಲ್ಲುತ್ತದೆ. ಆಚೆ ಕಣಿವೆಗೆ ಲಾರಿಗಳು ಇಳಿಯುತ್ತವೆ. ಸತ್ತವನು ಬದುಕಿಡೀ ಕಟ್ಟಿದ್ದಕ್ಕೆ ಕೊಡಲಿ ಹಾಕಿದವಳು ಎಂದು ಊರು ತನ್ನತ್ತಲೇ ಬೆರಳು ತೋರಿಸುತ್ತದೆ. ಇದನ್ನೆಲ್ಲ ರೋವೆನಾ ದಾರಿಯುದ್ದಕ್ಕೂ ಯೋಚಿಸಿಯೇ ಬಂದಿದ್ದಳು.

“ಹೆಕ್ಟರ್ ಏನಂದ್ರು?” ಎಂದು ಕೇಳಿದಳು.

“ಶುಕ್ರವಾರ ರಾತ್ರಿ ಊಟ ಮಾಡಲಿಲ್ಲ. ಸಾರ್ಡಿನ್ ಡಬ್ಬಿ ತೆರೆದು ಹಾಗೇ ಇಟ್ಟ. ‘ಅಡೆಲಾ, ಸೋಮವಾರ ನಾನೇ ಮಂತ್ರಿ ಹತ್ರ ಹೋಗಿ ಹೇಳ್ತೀನಿ’ ಅಂದ. ಹೇಳಿದ್ರೆ ಈ ಒಂದು ಕಣಿವೆ ಅಲ್ಲ, ಹನ್ನೊಂದು ಕಾಡಿನ ಮೇಲೂ ಅನುಮಾನ ಬರುತ್ತೆ ಅಂದೆ. ‘ಬರಲಿ. ಸುಳ್ಳು ಹೇಳಿ ಕಡಿದೋನು ನಾನು, ಸುಳ್ಳು ಹೇಳಿ ಉಳಿಸಲ್ಲ’ ಅಂದ. ಅವನಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟಿದ್ದು ಐವತ್ತರ ಹತ್ತಿರ, ರೋವೆನಾ. ನಂಗೆ ಹುಟ್ಟಿದಾಗಿಂದ ಇತ್ತು. ಅಪ್ಪ ಕಡಿದ, ಅಣ್ಣ ಕಡಿದ. ನನ್ನ ಯಾರು ಕೇಳಿದ್ರು?”

ಸೌಟನ್ನು ತಟ್ಟೆಯ ಮೇಲಿಟ್ಟಳು. ಒಲೆ ಆರಿಸಿದಳು. ಏಪ್ರನ್ನಿಗೆ ಕೈಯೊರೆಸಿ ಬಂದು ರೋವೆನಾಳ ಎದುರಿನ ಕುರ್ಚಿಯಲ್ಲಿ ಕೂತಳು.

“ಭಾನುವಾರ ಬೆಳಿಗ್ಗೆ ಎಲ್ಲಿದ್ರಿ ಮಿಸ್?”

“ಇಗರ್ಜಿಯಲ್ಲಿ ಇದ್ದೆ ಅಂತ ಹೋಬಾರ್ಟಿನವರಿಗೆ ಹೇಳಿದ್ದೆ.”

“ನಂಗೆ ಏನು ಹೇಳ್ತೀರಿ?”

“ನಿಂಗೆ ಸುಳ್ಳು ಹೇಳಲ್ಲ. ಕಾಡಿಗೆ ಹೋಗಿದ್ದೆ. ಅವನ ಜೊತೆ.”

ಜೇಬಿನಲ್ಲಿ ಫೋನು ಗುರುಗುಟ್ಟಿತು. ಲೋಥಿಯನ್. ರೋವೆನಾ ಅಡೆಲಾಳ ಮುಖದಿಂದ ಕಣ್ಣು ತೆಗೆಯದೆ ಕಿವಿಗಿಟ್ಟುಕೊಂಡಳು.

“ಬಿಲ್ಸನ್, ಹನ್ನೆರಡಕ್ಕೆ ಹತ್ತು ನಿಮಿಷ ಇದೆ. ಕಡತ ಕಳಿಸ್ತಾ ಇದೀನಿ,” ಎಂದಿತು ಆ ಕಡೆಯ ದನಿ. “ಸತ್ತವರು ದೊಡ್ಡ ಮನುಷ್ಯರು. ನೆಮ್ಮದಿಯಾಗಿ ಮಲಗೋಕೆ ಬಿಡೋಣ.”

“ಕಳಿಸಬೇಡಿ ಸರ್. ಅವರ ಮೇಲೆ ಬಿದ್ದ ಕೊಂಬೆ ಆ ಮರದ್ದಲ್ಲ. ದಿಣ್ಣೆ ಆಚೆಯಿಂದ ಹೊತ್ತು ತಂದದ್ದು.”

“ಏನು ಹೇಳ್ತಾ ಇದೀಯಾ ಅಂತ ಗೊತ್ತಿದೆಯಾ ನಿಂಗೆ? ಮಂತ್ರಿಗಳು ಸೋಮವಾರ—”

“ಗೊತ್ತಿದೆ ಸರ್. ತೊಗಟೆ ನನ್ನ ಹತ್ರ ಇದೆ. ಮಧ್ಯಾಹ್ನ ನಾನೇ ತರ್ತೀನಿ. ಕಡತ ತೆರೆದಿರಲಿ.”

ಅವನು ಮತ್ತೇನೋ ಹೇಳುವಷ್ಟರಲ್ಲಿ ಅವಳು ಫೋನ್ ಆರಿಸಿ ಮೇಜಿನ ಮೇಲೆ ಬೋರಲಾಗಿಟ್ಟಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೇಲಿನವರ ಮಾತು ಅರ್ಧಕ್ಕೆ ಕತ್ತರಿಸಿದ್ದು ಇದೇ ಮೊದಲು.

ಅಡೆಲಾ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕಠಿಣ ಲೆಕ್ಕವೊಂದನ್ನು ಬಿಡಿಸಿದ ಹುಡುಗಿಯನ್ನು ಹಿಂದೆ ಹೀಗೇ ನೋಡುತ್ತಿದ್ದಳೇನೋ.

“ತೊಗಟೆ ನೋಡಿ ಹೇಳಿದ್ದು ಡಾರ್ಸಿ ತಾನೆ?”

“ಹೌದು.”

“ಅವನೊಬ್ಬ ಕಾಡಿಗೆ ಬರಬಾರದು ಅಂತ ಪ್ರಾರ್ಥನೆ ಮಾಡಿದ್ದೆ.”

“ಮಿಸ್, ಸರಿಯಾಗಿ ಕೇಳಿಸ್ಕೊಳ್ಳಿ.” ರೋವೆನಾ ಮುಂದಕ್ಕೆ ಬಾಗಿದಳು. “ಆ ಕೊಂಬೇನ ಅಲ್ಲಿಗೆ ತಂದದ್ದು ನೀವು. ಆದ್ರೆ ಒಬ್ಬರೇ ತರೋಕೆ ಆಗಲ್ಲ. ದಿಣ್ಣೆ ಹತ್ತಿ ಇಳೀಬೇಕು, ಅರ್ಧ ಗಂಟೆ ದಾರಿ. ದಪ್ಪ ತುದಿ ಹಿಡಿಯೋಕೆ ಗಟ್ಟಿ ಆಳು ಬೇಕು. ಅವನು ಯಾರು ಅಂತ ನೀವು ಹೇಳದಿದ್ರೂ ನಾನು ಹುಡುಕ್ತೀನಿ. ಊರಲ್ಲಿ ಒಬ್ಬೊಬ್ಬರನ್ನೂ ಕೇಳ್ತೀನಿ. ಇವತ್ತಾಗದಿದ್ರೆ ನಾಳೆ, ನಾಳೆ ಆಗದಿದ್ರೆ ಮುಂದಿನ ವರ್ಷ. ನೀವು ಯಾರನ್ನ ಕಾಪಾಡ್ತಾ ಇದೀರಿ?”

“ಯಾರನ್ನೂ ಇಲ್ಲ.”

“ಹಾಗಾದ್ರೆ ಹೆಸರು ಹೇಳಿ.”

ಅಡೆಲಾ ಒಂದು ಬಾಟಲಿಯನ್ನು ಮೇಲ್ಮುಖವಾಗಿ ತಿರುಗಿಸಿ, ಬೆಳಕಿಗೆ ಹಿಡಿದು, ಕಲೆಯಿದೆಯೇ ಎಂದು ನೋಡಿದಳು. ಅದನ್ನು ಮತ್ತೆ ಮೇಜಿನ ಮೇಲೆ ಬೋರಲಾಗಿಟ್ಟಳು.

“ಸಣ್ಣ ತುದಿ ನಾನು ಹಿಡಿದಿದ್ದೆ,” ಎಂದಳು. “ದಾರೀಲಿ ಎರಡು ಸಲ ಇಳಿಸಿ ಸುಧಾರಿಸ್ಕೊಂಡ್ವಿ. ಎರಡನೇ ಸಲ ನನ್ನ ಅಂಗೈಗೆ ಸಿಬಿರು ಚುಚ್ಚಿತು. ಅವನೇ ತೆಗೆದ, ತನ್ನ ಕನ್ನಡಕ ಹಣೆ ಮೇಲೇರಿಸ್ಕೊಂಡು.”

“ಯಾರು ಮಿಸ್?”

“ದಪ್ಪ ತುದಿ ಹಿಡಿದದ್ದು ಹೆಕ್ಟರ್,” ಎಂದಳು ಅಡೆಲಾ. “ಆ ಕೊಂಬೇನ ಆರಿಸಿದ್ದೂ ಅವನೇ.”